ನಳದ ಕಟ್ಟೆಯ 'ಯಾರೋ ಒಬ್ಬರು'

"ಮುಖಾ ಮುಚ್ಚಿಕೊಂಡು ಬರಿಯೋದು ಇವತ್ತಿಗೆ ಬಂದ್!" ಎಂದು ಗುರುಶಿದ್ಧಪ್ಪ ಹೆಬಸೂರ ತನ್ನ ಹೊಸ ಯಂತ್ರದ ಮೇಲಿನ ಟವೆಲ್ ಎಳೆದಾಗ ಸಮುದಾಯ ಭವನದಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಅವನ ಹೆಂಡತಿ ಕಸ್ತೂರಿ ಮಾತ್ರ ತಟ್ಟಲಿಲ್ಲ.

ಯಂತ್ರವೆಂದರೆ ಬೇರೇನಲ್ಲ, ಅವರ ಮನೆಯದೇ ಹಳೆಯ ಗ್ರೈಂಡರು. ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದ ಗುರುಶಿದ್ಧಪ್ಪ ಅದರ ಕಲ್ಲು ಕಿತ್ತು, ಹೊಟ್ಟೆಗೆ ಕಂಪ್ಯೂಟರು ತುಂಬಿ, ಬಾಯಿಗೆ ಸ್ಪೀಕರು ಕಟ್ಟಿದ್ದ. ಹುಬ್ಬಳ್ಳಿಯ ಆ ಬಡಾವಣೆಗೆ ಇಂಟರ್‌ನೆಟ್ಟಿನಲ್ಲಿ 'ನಳದ ಕಟ್ಟೆ' ಅಂತ ಒಂದು ಪುಟವಿತ್ತು. ಹೆಸರು ಹೇಳದೆ ಯಾರು ಏನು ಬೇಕಾದರೂ ಬರೆಯಬಹುದಿತ್ತು. ಅಲ್ಲಿ 'ಕರಿಬೆಕ್ಕು' ಎಂಬ ಪುಣ್ಯಾತ್ಮ, ಹೆಬಸೂರ ಈ ಮೊದಲು ಮಾಡಿದ ರೊಟ್ಟಿ ಯಂತ್ರ ರೊಟ್ಟಿ ಬಡಿಯುವುದಿಲ್ಲ, ಎಸೆಯುತ್ತದೆ ಎಂದು ಬರೆದುಬಿಟ್ಟ. ಎಸೆದದ್ದೇನೋ ನಿಜ, ಒಂದು ರೊಟ್ಟಿ ಹೋಗಿ ಪಕ್ಕದ ಮನೆಯ ದೇವರ ಪಟಕ್ಕೆ ಬಿದ್ದಿತ್ತು. ಆದರೂ ಗುರುಶಿದ್ಧಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ವಾರಕ್ಕೊಮ್ಮೆ ನೀರು ಬಿಟ್ಟಾಗ ಬಡಾವಣೆಗೆ ಬಡಾವಣೆಯೇ ಪೈಪು ಹಿಡಿದು ಬೀದಿಗಿಳಿದು ಬಾಯಿ ಮಾಡುತ್ತದಲ್ಲ, ಆಗ ನಳದ ಬಳಿ ರೆಕಾರ್ಡರು ಕಟ್ಟಿ ಎಲ್ಲರ ಮಾತನ್ನೂ ಹಿಡಿದಿಟ್ಟ. ಪುಟದಲ್ಲಿನ ಬರಹ ಯಾರ ಮಾತಿನ ಧಾಟಿಗೆ ಹೊಂದುತ್ತದೋ, ಅವರ ದನಿಯಲ್ಲೇ ಯಂತ್ರ ಅದನ್ನು ಓದಬೇಕು.

ಹೆಸರು ಹೇಳಿ ಆಡಲಾಗದ ಮಾತುಗಳೂ ಇರುತ್ತವೆ ಎಂದು ಕಸ್ತೂರಿ ಮನೆಯಲ್ಲಿ ಹೇಳಿ ನೋಡಿದ್ದಳು. ಮರ್ಯಾದಸ್ಥರಿಗೆ ಮುಚ್ಚಿಡುವಂಥದ್ದೇನಿರುತ್ತದೆ ಎಂದು ಅವನು ಕೇಳಿದ್ದ.

ಅವಳಿಗಿತ್ತು. ಆ ಪುಟದಲ್ಲಿ ಅವಳು 'ಯಾರೋ ಒಬ್ಬರು' ಎಂಬ ಹೆಸರಿನಲ್ಲಿ ಬರೆಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಇಂಚರಾ ಮಿದುಳು ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನವೇ ಗುರುಶಿದ್ಧಪ್ಪ, ಇನ್ನು ಈ ಮನೆಯಲ್ಲಿ ಆಕೆಯ ಹೆಸರು ತೆಗೆಯಬೇಡ ಎಂದುಬಿಟ್ಟ. ಅಂದಿನಿಂದ ಅವನು ಒಂದರ ಮೇಲೊಂದು ಯಂತ್ರ ಮಾಡುತ್ತ ಹೋದ, ಅವಳು ಬಾಯಿ ಕಟ್ಟಿಕೊಂಡಳು. ಮಗಳ ಮಾತಾಡಲು ಅವಳಿಗೆ ಉಳಿದದ್ದು ಹೆಸರಿಲ್ಲದ ಆ ಒಂದು ಜಾಗ. ಅಲ್ಲಿ ಯಾರೋ ಏನೋ, ಗುರುತಿಲ್ಲದವರು, ಸಮಾಧಾನ ಮಾಡ್ಕೊಳ್ರಿ ಎನ್ನುತ್ತಿದ್ದರು. ಇವತ್ತು ಅದೂ ಹೋಗುವುದರಲ್ಲಿತ್ತು.

ಯಂತ್ರ ಗುರ್ ಎಂದಿತು. 'ನಮ್ಮ ಅಧ್ಯಕ್ಷರಂಥವರು ಏಳೇಳು ಜನ್ಮಕ್ಕೂ ಸಿಗರು' ಎಂದು 'ಸತ್ಯವಾದಿ' ಬರೆದದ್ದನ್ನು ಬಡಾವಣೆ ಸಂಘದ ಅಧ್ಯಕ್ಷ ಸೋಮನಗೌಡರ ದನಿಯಲ್ಲೇ, ಕೆಮ್ಮಿನ ಸಮೇತ ಓದಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗಿನ ಸೊಸೆಯಂದಿರ ಸಾರಿನ ಬಗ್ಗೆ ಬರೆದದ್ದು ರುಕ್ಮಾಬಾಯಿಯ ದನಿಯಲ್ಲಿ ಬಂತು, ಪಕ್ಕದಲ್ಲಿದ್ದ ಸೊಸೆ ಎದ್ದು ಕುರ್ಚಿ ಬದಲಿಸಿದಳು. ಇನ್ನು ಕರಿಬೆಕ್ಕು! ದಿನಾ ಗುರುಶಿದ್ಧಪ್ಪನ ಅಂಗಡಿಯಲ್ಲೇ ಕೂತು ಪುಕ್ಕಟೆ ಚಹಾ ಕುಡಿಯುವ ಗೆಳೆಯ ಶ್ರೀಪಾದ. ಆಗಷ್ಟೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ಅವನೇ.

ನಗು ಹೋಗಿ ಕೂಗಾಟ ಶುರುವಾಯಿತು. ಅಧ್ಯಕ್ಷರು ನಿಲ್ಲಿಸಲು ಹೇಳಿದರು. ಗುರುಶಿದ್ಧಪ್ಪ ಗುಂಡಿ ಒತ್ತಿದ, ಯಂತ್ರ ಕೇಳಲಿಲ್ಲ. ಕಸ್ತೂರಿ ಓಡಿಹೋಗಿ ಪ್ಲಗ್ಗು ಕಿತ್ತಳು. ಆದರೆ ಕರೆಂಟು ಹೋದರೂ ನಡೆಯಲಿ ಅಂತ ಆ ಜಾಣ ಒಳಗೆ ಬ್ಯಾಟರಿ ಕೂರಿಸಿದ್ದ. ಪ್ಲಗ್ಗು ಅವಳ ಕೈಯಲ್ಲಿರುವಾಗಲೇ ಯಂತ್ರ 'ಯಾರೋ ಒಬ್ಬರು' ಎಂದಿತು.

ಬಂದದ್ದು ಅವಳ ದನಿಯಲ್ಲ, ಗುರುಶಿದ್ಧಪ್ಪನ ದನಿ.

"ಮಗಳ ಸಾಲಿ ಬೂಟು ಇನ್ನೂ ಅಟ್ಟದ ಮ್ಯಾಲೆ ಅದಾವ. ಮಳಿಗಾಲದಾಗ ಬೂಷ್ಟು ಹಿಡಿದಿರತಾವಂತ ತಗದು ಒರಸ್ತೀನಿ. ಯಾರರೆ ಬಂದ್ರ ಮುಚ್ಚಿಡ್ತೀನಿ. ನಮ್ಮ ಮನ್ಯಾಗ ಆಕಿ ಹೆಸರು ತಗಿಯೋ ಹಂಗಿಲ್ಲ."

ಮಗಳು ಹೋದಂದಿನಿಂದ ನೀರಿನ ದಿನ ಕಸ್ತೂರಿ ಯಾರೊಡನೆಯೂ ತುಟಿ ಬಿಚ್ಚಿರಲಿಲ್ಲ. ಅವಳ ದನಿಯೇ ಯಂತ್ರದ ಬಳಿ ಇರಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡನ ಮಾತಿನ ಧಾಟಿಯೇ ಅವಳ ಬರಹಕ್ಕೆ ಹತ್ತಿರವೆಂದು ಅದಕ್ಕೆ ಕಂಡಿತು.

ಇದನ್ನು ನೀನು ಬರೆದದ್ದಾ ಎಂದು ಶ್ರೀಪಾದ ಮೆಲ್ಲಗೆ ಕೇಳಿದ. ಗುರುಶಿದ್ಧಪ್ಪ ಹೆಂಡತಿಯ ಕಡೆ ನೋಡಿದ. ಅವಳು ಪ್ಲಗ್ಗು ಹಿಡಿದೇ ನಿಂತಿದ್ದಳು. ಅಲ್ಲ ಎಂದರೆ ಸಾಕು, ಎಲ್ಲರೂ ಅವಳತ್ತ ತಿರುಗುತ್ತಿದ್ದರು.

"ಹೌದು," ಎಂದ. "ನಾನ ಬರದೀನಿ."

ಶ್ರೀಪಾದ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ರುಕ್ಮಾಬಾಯಿ, ಇಂಚರಾ ತಮ್ಮ ಮನೆಯ ಪೇರಲ ಕದ್ದು ತಿಂದು, ಬೀಜ ತಮ್ಮ ಕಟ್ಟೆಯ ಮೇಲೇ ಉಗುಳಿ ಹೋಗುತ್ತಿದ್ದದ್ದನ್ನು ಹೇಳಿಕೊಂಡು ಅತ್ತಳು. ಆ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಕಸ್ತೂರಿಗೆ ಸಂಕಟವಾಯಿತು, ಹಾಯೆನಿಸಿತು ಕೂಡ.

ಸ್ಕೂಟರಿನ ಹಿಂದೆ ಗ್ರೈಂಡರು ತಬ್ಬಿಕೊಂಡು ಅವಳು ಕೂತಳು. ಅದು ದಾರಿಯುದ್ದಕ್ಕೂ ಅಧ್ಯಕ್ಷರ ದನಿಯಲ್ಲಿ ಅಧ್ಯಕ್ಷರನ್ನು ಹೊಗಳಿತು. ಮನೆಗೆ ಬಂದವನೇ ಗುರುಶಿದ್ಧಪ್ಪ, ಬೂಟು ಎಲ್ಲಿ ಎಂದು ಕೇಳಿದ. ಅವಳು ಇಳಿಸಿ ಕೊಟ್ಟಳು. ಒಂದನ್ನು ತೊಡೆಯ ಮೇಲಿಟ್ಟುಕೊಂಡು ಅಂಗಿಯ ಚುಂಗಿನಿಂದ ಒರೆಸುತ್ತ, ಇಂಚರಾ ಎಂದು ಕರೆದು ದೊಡ್ಡ ದನಿಯಲ್ಲಿ ಅತ್ತುಬಿಟ್ಟ. ಇನ್ನೊಂದನ್ನು ಅವಳು ಒರೆಸಿದಳು.

ಮೂಲೆಯಲ್ಲಿ ಗ್ರೈಂಡರಿನ ಹೊಗಳಿಕೆ ನಡೆದೇ ಇತ್ತು. ಯಾರದೋ ಮಾತನ್ನು ಯಾರದೋ ದನಿಯಲ್ಲಿ ಓದಿತಲ್ಲ, ಇದನ್ನು ರಿಪೇರಿ ಮಾಡುತ್ತೀರೇನು ಎಂದು ಕಸ್ತೂರಿ ಕೇಳಿದಳು.

"ತಪ್ಪೇನ್ ಓದ್ಯದ ಅದು?" ಎಂದು ಗುರುಶಿದ್ಧಪ್ಪ ಮೂಗು ಒರೆಸಿಕೊಂಡ. "ಅಧ್ಯಕ್ಷರ ಬಾಯೊಂದು ಮುಚ್ಚಿಸಿದ್ರ ಸಾಕು."