ನೀರು ಬಿಟ್ಟ ಕೋಸಂಬರಿ

ಚಾಮರಾಜ ಮಾಡಿದ ತಪ್ಪು ಇಷ್ಟೇ: ಮಧ್ಯಾಹ್ನ ತಿನ್ನುವ ಕೋಸಂಬರಿಗೆ ಬೆಳಿಗ್ಗೆಯೇ ಉಪ್ಪು ಹಾಕಿದ.

ಅವಸರಕ್ಕೆ ಕಾರಣವಿತ್ತು. ಲಾಕ್‌ಡೌನ್ ಶುರುವಾಗಿ ವರ್ಷ ದಾಟಿತ್ತು. ಐರ್ಲೆಂಡಿನ ಟಾಲಾ ಊರಿನ ಬಾಡಿಗೆ ಮನೆಯಲ್ಲಿ ಜೊತೆಗಿದ್ದ ಇಬ್ಬರೂ ಊರು ಸೇರಿ, ಇವನೊಬ್ಬನೇ ಉಳಿದಿದ್ದ. ಎದುರಿಗೆ ಯಾರನ್ನಾದರೂ ಕೂರಿಸಿಕೊಂಡು ಉಂಡು ಎಷ್ಟು ಕಾಲವಾಯಿತೋ ಅವನಿಗೇ ಮರೆತಿತ್ತು. ಕುಕ್ಕರ್ ಕೂಗಿದರೆ "ಬಂದೆ ಇರಪ್ಪಾ" ಎನ್ನುವ ಸ್ಥಿತಿಗೆ ಬಂದಿದ್ದ.

ಅಂಥವನಿಗೆ ಪಕ್ಕದ ಮನೆಯ ಲೀಲಾವತಿ ಆಂಟಿ ಆಹ್ವಾನ ಕೊಟ್ಟಿದ್ದರು. ಮಂಡ್ಯದಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಮಗಳ ಬಾಣಂತನಕ್ಕೆಂದು ಬಂದು ವಿಮಾನವಿಲ್ಲದೆ ಇಲ್ಲೇ ಸಿಕ್ಕಿಕೊಂಡಿದ್ದರು.

"ನಾಳೆ ರಾಮನವಮಿ ಕಣೋ. ಹಿತ್ತಲ ಗೋಡೆಗೆ ಆ ಕಡೆ ನಿನ್ನ ಕುರ್ಚಿ, ಈ ಕಡೆ ನಂದು. ಪಾನಕ ನಂದು, ಕೋಸಂಬರಿ ನಿಂದು."

ಚಾಮರಾಜನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಕುರ್ಚಿ ಒರೆಸಿದ, ಇಸ್ತ್ರಿ ಮಾಡಿದ ಅಂಗಿ ತೊಟ್ಟ, ನೆನೆದ ಹೆಸರುಬೇಳೆಗೆ ಸೌತೆಕಾಯಿ ಹೆಚ್ಚಿ ಹಾಕಿ ಉಪ್ಪು ಕಲಸಿಟ್ಟ. ಆಫೀಸಿನ ಮೀಟಿಂಗ್ ಮುಗಿಸಿ ಬಂದು ನೋಡಿದರೆ ಬೋಗುಣಿಯಲ್ಲಿ ಬೇಳೆ ತೇಲುತ್ತಿತ್ತು. ಬಾಯಿಗಿಟ್ಟರೆ ಸಪ್ಪೆ. ಇನ್ನಷ್ಟು ಉಪ್ಪು ಹಾಕಿದ. ಇನ್ನಷ್ಟು ನೀರು ಬಂತು.

ವಾಟ್ಸಾಪ್ ಗುಂಪಿನಲ್ಲಿ ಗೋಳು ತೋಡಿಕೊಂಡ. ಸಲಹೆ ಕೊಡಲು ಎಲ್ಲರೂ ಬಿಡುವಾಗಿಯೇ ಇದ್ದರು.

"ಹಿಂಡಿ ಬಿಡು ಗುರೂ, ಗ್ರ್ಯಾಂಡ್ ಆಗತ್ತೆ," ಎಂದ ಲಿಮೆರಿಕ್‌ನ ದಿಲೀಪ. ಹಿಂಡಿದ. ಸೌತೆಕಾಯಿ ಒಗೆದ ಬಟ್ಟೆಯಂತೆ ಮುದುರಿತು.

"ಅಯ್ಯೋ, ಹಿಂಡಿಬಿಟ್ರಾ? ತಣ್ಣೀರಲ್ಲಿ ನೆನೆಸಿ, ಮತ್ತೆ ಉಬ್ಬತ್ತೆ," ಎಂದರು ಜಯಮಾಲಾ. ನೆನೆಸಿದ. ಒಂದಿಷ್ಟು ಉಬ್ಬಿತು. ರುಚಿ ನೋಡಿದರೆ ಮತ್ತೆ ಸಪ್ಪೆ. ಈ ಸಲ ಹಿಡಿ ಉಪ್ಪನ್ನೇ ಸುರಿದ.

ಕೊನೆಗೆ ಇಂಗಿನ ಒಗ್ಗರಣೆ ಇಟ್ಟು ಮತ್ತೆ ಫೋನು ನೋಡುತ್ತ ನಿಂತಿದ್ದಾಗ ಹೊಗೆಯ ಅಲಾರಂ ಕಿರುಚಿಕೊಂಡಿತು. ತಿರುಗಿದರೆ ಸೌಟು ಕರ್ರಗಾಗಿತ್ತು.

"ಏನೋ ಅದು? ಇಂಗು ಸೀದಿದ್ದು ಇಲ್ಲೀವರೆಗೂ ಘಾಟು!" ಗೋಡೆಯಾಚೆಯಿಂದ ಆಂಟಿ ಕೂಗಿದರು.

ಚಾಮರಾಜ ಡಬ್ಬಿ ಹಿಡಿದು ಹಿತ್ತಲಿಗೆ ಓಡಿದ. ಗೋಡೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಬೆಳಗಿನ ಕಥೆಯೆಲ್ಲ ಹೇಳಿದ.

"ದಡ್ಡ! ಸೌತೆಕಾಯಿಯ ಒಂದೊಂದು ಜೀವಕೋಶಕ್ಕೂ ತೆಳ್ಳನೆ ಪೊರೆ ಇರತ್ತೆ," ಆಂಟಿಗೆ ತರಗತಿಯೇ ಸಿಕ್ಕಂತಾಯಿತು. "ಹೊರಗೆ ಉಪ್ಪು ಜಾಸ್ತಿಯಾದ್ರೆ ಒಳಗಿನ ನೀರು ಪೊರೆ ದಾಟಿ ಹೊರಗೆ ಬರತ್ತೆ. ಬರೀ ನೀರಲ್ಲಿಟ್ರೆ ವಾಪಸ್ ಒಳಗೆ ಹೋಗತ್ತೆ. ಪೊರೆ ನೀರನ್ನ ಸಲೀಸಾಗಿ ಬಿಡತ್ತೆ, ಎಲ್ಲಾನೂ ಹಾಗೆ ಬಿಡಲ್ಲ."

ಹೇಳುತ್ತಲೇ ಒಂದು ಚಮಚ ಬಾಯಿಗಿಟ್ಟರು. ಅವರ ಕಣ್ಣು ದೊಡ್ಡದಾಯಿತು.

"ಉಪ್ಪು ನೋಡಿದ್ಯೇನೋ?"

"ನೋಡ್ದೆ ಆಂಟಿ. ಚೂರು ಕಮ್ಮಿ ಅಲ್ವಾ?"

ಆಂಟಿ ಒಳಗೆ ಹೋಗಿ, ಲೋಟವೊಂದನ್ನು ತಂದು ಗೋಡೆಯ ಮೇಲಿಟ್ಟರು. ಚಾಮರಾಜ ಕುರ್ಚಿಯಲ್ಲಿ ಕೂತು ಒಂದೇ ಗುಟುಕಿಗೆ ಕುಡಿದ. ಇಂಥ ದಿನ ಮತ್ತೆ ಮತ್ತೆ ಬರಬೇಕಾದರೆ ಹೊಗಳಿಕೆಯಲ್ಲಿ ಜಿಪುಣತನ ಮಾಡಬಾರದೆಂದು ಅವನಿಗೆ ಗೊತ್ತಿತ್ತು.

"ಆಹಾ! ಬೆಲ್ಲ, ಏಲಕ್ಕಿ ಎಲ್ಲಾ ಹದವಾಗಿದೆ ಆಂಟಿ. ಥೇಟ್ ನಮ್ಮಮ್ಮ ಮಾಡಿದ ಪಾನಕಾನೇ."

"ಅದು ಪಾನಕ ಅಲ್ಲಪ್ಪಾ," ಆಂಟಿ ಆಗಲೇ ಮಾಸ್ಕ್ ಏರಿಸಿದ್ದರು. "ಅಮೃತಬಳ್ಳಿ ಕಷಾಯ. ಅದನ್ನ ಕುಡಿದು ಮುಖ ಕಿವುಚದೇ ಇರೋನು ಇನ್ನೂ ಹುಟ್ಟಿಲ್ಲ. ನಿಂಗೆ ವಾಸನೆಯಿಲ್ಲ, ರುಚಿಯಿಲ್ಲ. ಮೊದಲು ಕೊರೊನಾ ಟೆಸ್ಟ್ ಬುಕ್ ಮಾಡು. ಮನೇಲಿ ಎಳೇ ಕೂಸಿದೆ ಮಗಾ, ಬೇಜಾರು ಮಾಡ್ಕೋಬೇಡ."

ತಮ್ಮ ಕುರ್ಚಿಯನ್ನು ಮಡಚಿ ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ನಿಜವಾದ ಪಾನಕದ ಲೋಟ ಗೋಡೆಯ ಮೇಲೆ ಬಂದು ಕೂತಿತು, ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಇವನು ಹೋಗಿ ತೆಗೆದುಕೊಂಡ.

ಇಸ್ತ್ರಿ ಅಂಗಿಯಲ್ಲೇ ಅಡುಗೆಮನೆಯ ಮೇಜಿಗೆ ಕೂತು ಒಬ್ಬನೇ ಕುಡಿದ. ಜ್ವರ, ಕೆಮ್ಮು ಏನೂ ಇರಲಿಲ್ಲ, ಮನಸ್ಸಿಗೆ ಮಾತ್ರ ತೀರಾ ಸಂಕಟವಾಯಿತು. ಮರ್ಯಾದೆಗೆಂದು ಮೆಸೇಜ್ ಹಾಕಿದ: "ತುಂಬಾ ಚೆನ್ನಾಗಿತ್ತು ಆಂಟಿ."

ಉತ್ತರ ತಕ್ಷಣ ಬಂತು: "ಯಾವುದು?"