ಏನೂ ಸಿಗದಿದ್ದಾಗ ಅತ್ತೆ

“ನಾಳೆ ಸಂಜೆ ನಿಮ್ಮಮ್ಮ ಮೂಗಿನ ಮೇಲೆ ಬೆರಳಿಟ್ಕೋಬೇಕು, ಹಾಗೆ ಮಾಡ್ತೀನಿ, ನೋಡ್ತಿರು!” ಎಂದು ಬೊಂಬೆರಾಯ ಹೆಂಡತಿಯ ಮುಂದೆ ಪಣ ತೊಟ್ಟ.

ಬೊಂಬೆರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮನೆಯಲ್ಲೇ ಕೂತು, ಕಂಪ್ಯೂಟರಿನಲ್ಲಿ ಬೊಂಬೆಗಳನ್ನು ಕುಣಿಸಿ ಜಾಹೀರಾತು ಮಾಡುವ ಅವನಿಗೆ ನೆರೆಹೊರೆಯವರು ದಯಪಾಲಿಸಿದ ಬಿರುದು. ಅತ್ತೆಗೆ ಮಾತ್ರ ಆ ಬಿರುದಿನ ಮೇಲೂ ಅನುಮಾನ, ಆ ಕೆಲಸದ ಮೇಲೂ ಅನುಮಾನ. ಕೂಸನ್ನು ನೋಡಿಕೊಳ್ಳುತ್ತಿದ್ದಾಕೆ ಕೈಕೊಟ್ಟಾಗ ‘ಹೊಸಬಳು ಸಿಗೋವರೆಗೆ’ ಎಂದು ಅತ್ತೆಯನ್ನು ಕರೆಸಿಕೊಂಡಿದ್ದರು. ಹೊಸಬಳು ಸಿಗಲೂ ಇಲ್ಲ, ನಿಜ ಹೇಳಬೇಕೆಂದರೆ ಯಾರೂ ಹುಡುಕಲೂ ಇಲ್ಲ. ಅತ್ತೆ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ದಿನಾ ಅವನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು.

“ಅಳಿಯಂದ್ರೆ, ಸುಮ್ನೆ ಕೂತಿದ್ದೀರಲ್ಲ, ಕೆಲಸ ಇಲ್ವಾ?”

“ಕೆಲಸಾನೇ ನಡೀತಿದೆ ಅತ್ತೆ. ರೆಂಡರ್ ಆಗ್ತಿದೆ.”

“ಅದು ಆಗ್ತಿದೆ ಸರಿ. ನೀವೇನ್ ಮಾಡ್ತಿದ್ದೀರಿ?”

ಈ ಪ್ರಶ್ನೆಗೆ ಬೊಂಬೆರಾಯನ ಬಳಿ ಇವತ್ತಿಗೂ ಉತ್ತರವಿಲ್ಲ. ಅದಕ್ಕೇ ಈ ಪಣ! ಊರಿನ ದೊಡ್ಡ ಹಾಸಿಗೆ ಅಂಗಡಿಯ ಉದ್ಘಾಟನೆ ನಾಳೆ ಸಂಜೆ. ಗೋಡೆಯಷ್ಟಗಲದ ಪರದೆ. ಅದರ ಮೇಲೆ ಅವನು ಮಾಡಿದ ಚಿತ್ರ: ಅಂದದ ಮಲಗುವ ಕೋಣೆ, ಮೋಡದಂಥ ಹಾಸಿಗೆ, ಅದರಲ್ಲಿ ನಿದ್ದೆ ಮಾಡಿ ಎದ್ದು ಮೈಮುರಿಯುವ ಒಬ್ಬ ಬೊಂಬೆ ಸುಂದರಿ. ಮುಂದಿನ ಸಾಲಿನಲ್ಲಿ ಅತ್ತೆ! ಅಳಿಯ ಸುಮ್ಮನೆ ಕೂತಿರಲಿಲ್ಲವೆಂದು ಅವರು ಕಣ್ಣಾರೆ ಕಾಣಬೇಕು.

ಬೊಂಬೆಗೆ ಬೆಳಕು, ಬಣ್ಣ, ನೆರಳು ತುಂಬಿ ಒಂದೊಂದೇ ಚಿತ್ರ ಬಿಡಿಸಿ ಕೊಡುವುದಕ್ಕೆ ರೆಂಡರ್ ಎನ್ನುತ್ತಾರೆ. ಮನೆಯ ಕಂಪ್ಯೂಟರಿಗೆ ಅಷ್ಟನ್ನೂ ಒಪ್ಪಿಸಿದರೆ ಕೂಸು ಶಾಲೆಗೆ ಸೇರುವ ಹೊತ್ತಿಗೆ ಮುಗಿದೀತು. ಹಾಗಾಗಿ ಎಲ್ಲೋ ದೂರದಲ್ಲಿ ಬಾಡಿಗೆಗೆ ಸಿಗುವ ಯಂತ್ರಗಳಿಗೆ ಕೆಲಸ ಕಳಿಸುವುದೆಂದು ಈ ಬಾರಿ ತೀರ್ಮಾನಿಸಿದ್ದ.

“ಅವಕ್ಕೆ ನಮ್ಮ ಮನೆ ವ್ಯವಹಾರ ಗೊತ್ತಿರಲ್ಲ ಕಣೆ,” ಎಂದು ಹೆಂಡತಿಗೆ ಪಾಠ ಶುರುವಿಟ್ಟ. “ಹೊಸ ಅಡುಗೆಯವಳಿಗೆ ಉಪ್ಪು ಇಲ್ಲಿದೆ, ಸಕ್ಕರೆ ಅಲ್ಲಿದೆ ಅಂತ ಹೇಳಿಕೊಡಬೇಕಲ್ಲ, ಹಾಗೆ. ಅದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಅಂತಾರೆ. ಗೋಡೆ ಬಣ್ಣದ ಚಿತ್ರ, ಹೊದಿಕೆಯ ಹೂವಿನ ಚಿತ್ರ ಎಲ್ಲಾ ಯಾವ ಫೋಲ್ಡರಲ್ಲಿವೆ ಅಂತ ಮೊದಲೇ ಹೇಳಿರ್ಬೇಕು.”

“ಹೇಳಿಯೂ ಸಿಗದಿದ್ರೆ?”

“ಭಲೇ! ಅದಕ್ಕೂ ಒಂದಿದೆ. ಏನೂ ಸಿಗದ ಕಡೆ ಅಂಟಿಸೋಕೆ ಒಂದು ಬದಲಿ ಚಿತ್ರ. ನೋಡಿದ ಕೂಡ್ಲೇ ಎದೆ ಝಲ್ ಅನ್ನೋ ಹಾಗಿರ್ಬೇಕು. ಆಗ ತಪ್ಪು ತಕ್ಷಣ ಗೊತ್ತಾಗತ್ತೆ.”

ಎದೆ ಝಲ್ಲೆನ್ನಿಸುವ ಚಿತ್ರಕ್ಕಾಗಿ ಅವನು ಬಹಳ ಹುಡುಕಲಿಲ್ಲ. ಗುರುತಿನ ಚೀಟಿಗೆಂದು ಅತ್ತೆ ತೆಗೆಸಿದ್ದ ಫೋಟೋ ಅವನಲ್ಲಿತ್ತು. ಫೋಟೋ ತೆಗೆದವನನ್ನೇ ಗದರಿಸುತ್ತಿರುವಂಥ ನೋಟ! ಬೊಂಬೆರಾಯ ಒಬ್ಬನೇ ಕಿಸಕ್ಕನೆ ನಕ್ಕ. ಗೋಡೆ, ಹೊದಿಕೆಯ ಚಿತ್ರಗಳ ಜೊತೆ ಆ ಫೋಟೋವನ್ನೂ ದೂರದ ಯಂತ್ರಕ್ಕೆ ಏರಿಸಿದ. ‘ಏನೂ ಸಿಗದಿದ್ದಾಗ ಅತ್ತೆ’ ಎಂದು ಅದಕ್ಕೊಂದು ವೇರಿಯಬಲ್ ಬರೆದ. ಸರಿಯಾಗಿ ತಲುಪಿತೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದ. ಈ ಸಂಭ್ರಮದಲ್ಲಿ, ಉಳಿದ ಚಿತ್ರಗಳು ಯಾವ ಫೋಲ್ಡರಿನಲ್ಲಿವೆ ಎಂದು ಹೇಳುವ ಮೊದಲನೆಯ ವೇರಿಯಬಲ್ಲನ್ನು ಕಳಿಸುವುದೇ ಮರೆತುಹೋಯಿತು. ಅದು ಅವನ ಸ್ವಂತ ಕಂಪ್ಯೂಟರಿನಲ್ಲಿ ಯಾವ ಕಾಲದಿಂದಲೋ ಬೀಡುಬಿಟ್ಟಿತ್ತು. ಇದ್ದೇ ಇರುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಮರುದಿನ ಮಧ್ಯಾಹ್ನ ದೂರದ ಯಂತ್ರಗಳು ಕೆಲಸ ಮುಗಿಸಿ ಕಳಿಸಿದವು. ಬೊಂಬೆರಾಯ ಗತ್ತಿನಿಂದ ಹೆಂಡತಿಯನ್ನು ಕರೆದ. ಅವಳು ಕೂಸನ್ನೆತ್ತಿಕೊಂಡು ಬಂದು ನಿಂತಳು. ಚಿತ್ರ ಶುರುವಾಯಿತು.

ಅಯ್ಯೋ! ಗೋಡೆಯ ತುಂಬ ಅತ್ತೆ! ಕಿಟಕಿ ಪರದೆಯ ಮಡಿಕೆ ಮಡಿಕೆಯಲ್ಲೂ ಅತ್ತೆ! ಹೊದಿಕೆಯ ಮೇಲೆ ಸಾಲು ಸಾಲಾಗಿ ಅತ್ತೆಯರ ಮೆರವಣಿಗೆ! ಸುಂದರಿ ಹಿತವಾಗಿ ಅತ್ತೆಯ ಕೆನ್ನೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ದಿಂಬು ಒತ್ತಿದಾಗಲೆಲ್ಲ ಅತ್ತೆಯ ಮೂಗು ಉಬ್ಬುತ್ತಿತ್ತು.

“ಅಜ್ಜೀ! ಅಜ್ಜೀ!” ಎಂದು ಕೂಸು ಕೈತಟ್ಟಿ ಕುಣಿಯಿತು.

ಕೂಗು ಕೇಳಿ ಅಜ್ಜಿ ಬಂದೇಬಿಟ್ಟರು. ಕನ್ನಡಕ ಹಾಕಿಕೊಂಡು ಪೂರಾ ನೋಡಿದರು. ಬೊಂಬೆರಾಯನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

“ಇದೇನು ಅಳಿಯಂದ್ರೆ?”

“ಅದು… ಏನಿಲ್ಲ ಅತ್ತೆ. ಆ ಯಂತ್ರಕ್ಕೆ ಬೇಕಾದ್ದು ಯಾವುದೂ ಸಿಗದಿದ್ದಾಗ… ನಿಮ್ಮನ್ನ ಹಾಕ್ಕೊಳ್ಳತ್ತೆ.”

“ಓ, ಇಷ್ಟೇನಾ? ನಾನೇನೋ ಹೊಸದು ಅಂದ್ಕೊಂಡೆ,” ಎಂದರು ಅತ್ತೆ ತಣ್ಣಗೆ. “ಈ ಮನೇಲೂ ಅದೇ ತಾನೆ ಪದ್ಧತಿ? ಮಗು ನೋಡೋರು ಸಿಗ್ಲಿಲ್ಲ, ನನ್ನ ಹಾಕ್ಕೊಂಡ್ರಿ. ಅಡುಗೆಯವಳು ಬರ್ಲಿಲ್ಲ, ನನ್ನ ಹಾಕ್ಕೊಂಡ್ರಿ.”

ಬೊಂಬೆರಾಯನಿಗೆ ನಿಜಕ್ಕೂ ನಾಚಿಕೆಯಾಯಿತು. ಅತ್ತೆ ಕೂಸಿನ ಮೂಗೊರೆಸಿ, ಎತ್ತಿಕೊಂಡು ಹೊರಟುಹೋದರು. ಈಗ ಹೆಂಡತಿಯ ಸರದಿ.

“ರೀ, ಮೊದಲು ಅಮ್ಮನ ಫೋಟೋ ತೆಗೀರಿ! ಯಾರದ್ದಾದ್ರೂ ಮುಖ ಬೇಕೇಬೇಕು ಅಂದ್ರೆ ನಿಮ್ಮದೇ ಹಾಕ್ಕೊಳ್ಳಿ!”

“ಹಾಕ್ತೀನಿ! ಈ ಸಲ ಏನೂ ತಪ್ಪೋದೇ ಇಲ್ಲ, ನನ್ನ ಮುಖ ಹೊರಗೆ ಬರೋದೇ ಇಲ್ಲ!” ಎಂದು ಬೊಂಬೆರಾಯ ತೋಳೇರಿಸಿದ. ಇವತ್ತು ಸಂಜೆ ಅತ್ತೆಗೆ ಒಳ್ಳೆಯ ಚಿತ್ರ ತೋರಿಸದಿದ್ದರೆ ಇನ್ನು ಈ ಮನೆಯಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ. ಬಾಡಿಗೆ ಯಂತ್ರಗಳನ್ನು ದುಪ್ಪಟ್ಟು ಮಾಡಿದ. ಮರೆತಿದ್ದ ವೇರಿಯಬಲ್ಲನ್ನು ಬರೆದ, ತನ್ನದೊಂದು ನಗುಮುಖದ ಫೋಟೋ ಏರಿಸಿದ. ಇನ್ನೇನು ಕಳಿಸಬೇಕು, ಅಂಗಡಿ ಮಾಲೀಕನ ಫೋನು!

“ಸಾರ್, ಮಂಚದ ಪಕ್ಕ ಒಂದು ಕಾಲೊರಸು ಇಟ್ಬಿಡಿ. ನಮ್ಮಲ್ಲಿ ಅದೂ ಸಿಗತ್ತೆ.”

“ಇಡೋಣ ಸಾರ್, ಅದೆಷ್ಟರ ಕೆಲಸ!”

ಕಾಲೊರಸನ್ನೂ ಇಟ್ಟ, ಕಳಿಸಿದ. ಸಂಜೆಯೊಳಗೆ, ಸುಂದರಿ ಇನ್ನೂ ನಿದ್ದೆಯಲ್ಲಿರುವ ಮೊದಲ ಭಾಗ ಬಂತು. ಗೋಡೆಗೆ ಗೋಡೆಯ ಬಣ್ಣ, ಹೊದಿಕೆಗೆ ಹೂವು, ಅತ್ತೆ ಎಲ್ಲೂ ಇಲ್ಲ. ಬೊಂಬೆರಾಯ ಎದೆಯುಬ್ಬಿಸಿದ. ಉಳಿದದ್ದು ನೇರ ಅಂಗಡಿಗೇ ತಲುಪಲಿ ಎಂದು ಅಪ್ಪಣೆ ಕೊಟ್ಟು ಸಂಸಾರ ಸಮೇತ ಹೊರಟ. “ನಾನ್ಯಾಕೆ, ಮನೇಲೇ ಇರ್ತೀನಿ” ಎಂದ ಅತ್ತೆಯನ್ನು ಕೈಮುಗಿದು ಕರೆದುಕೊಂಡು ಹೋದ.

ಅಂಗಡಿ ತುಂಬ ಜನ. ದೀಪಗಳು ಆರಿದವು. ಚಿತ್ರ ಬೆಳಗಿತು. ಜನ ಆಹಾ ಎಂದರು. ಅತ್ತೆಯ ಬೆರಳು ನಿಜವಾಗಿಯೂ ಮೂಗಿನತ್ತ ಹೊರಟಿತು! ಬೊಂಬೆರಾಯ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದ.

ಸುಂದರಿ ಎದ್ದಳು. ಮೈಮುರಿದಳು. ಮಂಚದಿಂದ ಕಾಲು ಕೆಳಗಿಟ್ಟಳು.

ಕಾಲೊರಸಿನ ಚಿತ್ರ ಮಾತ್ರ ದೂರದ ಯಂತ್ರಕ್ಕೆ ಹೋಗಿರಲೇ ಇಲ್ಲ. ಅವಸರದಲ್ಲಿ ಬೊಂಬೆರಾಯ ಅದನ್ನು ಏರಿಸುವುದನ್ನೇ ಮರೆತಿದ್ದರಿಂದ ಅದು ಮನೆಯ ಕಂಪ್ಯೂಟರಿನಲ್ಲೇ ಕೂತಿತ್ತು. ಯಂತ್ರ ಹುಡುಕಿತು, ಸಿಗಲಿಲ್ಲ, ಹೇಳಿಕೊಟ್ಟದ್ದನ್ನೇ ಮಾಡಿತು. ಗೋಡೆಯಗಲದ ಪರದೆಯ ಮೇಲೆ ಸುಂದರಿ ಬಲಗಾಲನ್ನು ಬೊಂಬೆರಾಯನ ಹಣೆಗೂ ಎಡಗಾಲನ್ನು ಮೂಗಿಗೂ ಚೆನ್ನಾಗಿ ಒರೆಸಿದಳು. ಅವನು ಅಲ್ಲಿ ಹಲ್ಲುಕಿರಿದು ನಗುತ್ತಲೇ ಇದ್ದ.

ಅಂಗಡಿಗೆ ಅಂಗಡಿಯೇ ಘೊಳ್ಳೆಂದಿತು! ಹೆಂಡತಿ ಮುಖ ಮುಚ್ಚಿಕೊಂಡಳು. ಅತ್ತೆ ಮಾತ್ರ ಅಳಿಯನ ಮನೆಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, ಕಂಕುಳಲ್ಲಿದ್ದ ಕೂಸನ್ನು ಅಳಿಯನ ಕೈಗೆ ದಾಟಿಸಿದರು.

“ಸದ್ಯ, ಏನೂ ಸಿಗದಿದ್ದಾಗ ಹಾಕ್ಕೊಳ್ಳೋಕೆ ಮನೇಲಿ ಇನ್ನೊಂದು ಮುಖ ಸಿಕ್ತಲ್ಲ! ನಾಳೆ ಬೆಳಗ್ಗೆ ನನ್ನ ಬಸ್ಸಿಗೆ ಬಿಟ್ಬಿಡಿ ಅಳಿಯಂದ್ರೆ, ನಾನು ನನ್ನ ಮನೆಗೆ ಹೊರಟೆ.”

ಕೂಸು ಪರದೆಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿತು. ಆಮೇಲೆ ತನ್ನ ಪುಟ್ಟ ಪಾದವನ್ನೆತ್ತಿ ಅವನ ಮೂಗಿಗೆ ಒರೆಸಿತು.