ಅಣ್ಣನ ಒಂಬತ್ತು ಸುತ್ತು

ನಮ್ಮಣ್ಣ ಮಳೆ ತರಿಸಬಲ್ಲ. ನಗಬೇಡಿ, ನಾನೇ ಕಣ್ಣಾರೆ ಕಂಡಿದ್ದೇನೆ. ಅವನ ದುರದೃಷ್ಟವೆಂದರೆ, ಇಂಥ ಅಪರೂಪದ ವಿದ್ಯೆ ಕಲಿತು ಬಂದು ನೆಲೆಸಿದ್ದು ನೆದರ್ಲೆಂಡ್ಸ್‌ನಲ್ಲಿ. ಇಲ್ಲಿ ಮಳೆ ತರಿಸಲು ನನಗೂ ಬರುತ್ತದೆ. ಹೊರಗೆ ಬಟ್ಟೆ ಒಣಹಾಕಿದರೆ ಸಾಕು!

ಅಣ್ಣ ಸಂಶೋಧಕ. ಮಾಯಾ ಜನರ ದೇವರುಗಳು, ಅವರ ಪೂಜೆ ಪುನಸ್ಕಾರಗಳು ಅವನ ವಿಷಯ. ಮೆಕ್ಸಿಕೋದ ಒಂದು ಹಳ್ಳಿಯಲ್ಲಿ ಎರಡು ವರ್ಷ, ಗ್ವಾಟೆಮಾಲಾದ ಬೆಟ್ಟಗಳಲ್ಲಿ ಒಂದು ವರ್ಷ ಇದ್ದು ಬಂದವನು. ಈಗ ದ ಹೇಗ್‌ನಲ್ಲಿ ಒಂದು ಪುಟ್ಟ ಫ್ಲ್ಯಾಟು, ಒಂದು ಸೈಕಲ್ಲು, ಲೆಕ್ಕವಿಲ್ಲದಷ್ಟು ದೇವರು. ಮದುವೆಯಾಗಿಲ್ಲ. ಅಷ್ಟೊಂದು ದೇವರ ನಡುವೆ ಹೆಂಡತಿಗೆ ಜಾಗವಾದರೂ ಎಲ್ಲಿತ್ತು ಹೇಳಿ? ಅವನ ಮುಂದೆ ಯಾರಾದರೂ, ಮಾಯಾ ಕ್ಯಾಲೆಂಡರಿನ ಪ್ರಕಾರ ಪ್ರಪಂಚ ಮುಳುಗಬೇಕಿತ್ತಲ್ಲವೇ ಎಂದು ಕೇಳಿದರೋ, ಅವರ ಕಥೆ ಮುಗಿಯಿತು. ನಿಮ್ಮ ಗೋಡೆಯ ಕ್ಯಾಲೆಂಡರು ಡಿಸೆಂಬರಿಗೆ ಮುಗಿದರೆ ಹೊಸದು ತರುವುದಿಲ್ಲವೇ ಎಂದು ಶುರುಮಾಡಿ, ಕಾಫಿ ತಣ್ಣಗಾಗುವವರೆಗೂ ಬಿಡುವುದಿಲ್ಲ. ಆ ಜನ ಇವತ್ತಿಗೂ ಇದ್ದಾರೆ, ಇವತ್ತು ಬೆಳಿಗ್ಗೆಯೂ ಅಲ್ಲಿ ಯಾರೋ ದೇವರಿಗೆ ಧೂಪ ಹಾಕಿದ್ದಾರೆ, ಅವರನ್ನು ಮ್ಯೂಸಿಯಮ್ಮಿಗೆ ಸೇರಿಸಬೇಡಿ ಎನ್ನುವುದು ಅವನ ವಾದ. ವಾದ ಸರಿಯಾಗಿಯೇ ಇದೆ. ಕಾಫಿಯದ್ದೇ ಚಿಂತೆ.

ಮಳೆಯ ಕಥೆಗೆ ಬರುತ್ತೇನೆ. ಮಾಯಾ ಜನರ ಮಳೆದೇವರ ಹೆಸರು ಚಾಕ್. ಬೆಳೆ ಒಣಗುವಾಗ ಹಳ್ಳಿಯವರು ಹೊಲದ ಬಳಿ ಪೂಜೆಯ ಮೇಜು ಕಟ್ಟಿ ಅವನನ್ನು ಕರೆಯುತ್ತಾರೆ. ಮೇಜಿನ ನಾಲ್ಕು ಕಾಲುಗಳ ಬಳಿ ಮಕ್ಕಳು ಕೂತು ಕಪ್ಪೆಗಳ ಹಾಗೆ ವಟಗುಟ್ಟುತ್ತಾರೆ. ಒಂದು ವಸಂತದಲ್ಲಿ ಇಲ್ಲಿಯೂ ಮೂರು ವಾರ ಹನಿ ಬೀಳಲಿಲ್ಲ. ಡಚ್ಚರೆಲ್ಲ ಅಂಗಿ ಬಿಚ್ಚಿ ಪಾರ್ಕಿನಲ್ಲಿ ಮಲಗಿದ್ದಾಗ ಅಣ್ಣ ಮಾತ್ರ ಬಾಲ್ಕನಿಯ ಕುಂಡದ ಮೆಕ್ಕೆಜೋಳ ನೋಡಿ ಕಂಗಾಲಾದ. ಪೂಜೆಗೆ ನಿಂತ. ಮಕ್ಕಳು ಎಲ್ಲಿಂದ ಬರಬೇಕು? ಪುರೋಹಿತನೂ ತಾನೇ, ನಾಲ್ಕು ಕಪ್ಪೆಗಳೂ ತಾನೇ! ಅರ್ಧ ಗಂಟೆ ವಟಗುಟ್ಟಿದ ಮೇಲೆ ಕೆಳಗಿನ ಮನೆಯ ಡಚ್ ಅಜ್ಜಿ ಬಾಗಿಲು ತಟ್ಟಿ, ಗಂಟಲಿಗೆ ಒಳ್ಳೆಯದೆಂದು ಒಂದು ಪೊಟ್ಟಣ ದ್ರೋಪ್ ಕೊಟ್ಟು ಹೋದರು. ದ್ರೋಪ್ ಎಂದರೆ ಇಲ್ಲಿಯವರು ಪ್ರಾಣ ಬಿಡುವ ಕಪ್ಪು ಉಪ್ಪುಪ್ಪು ಮಿಠಾಯಿ. ಅಣ್ಣ ಅದನ್ನೇ ಚಾಕ್‌ಗೆ ನೈವೇದ್ಯ ಮಾಡಿದ. ಸಂಜೆಗೆ ಮಳೆ ಸುರಿಯಿತು. ಮೊಬೈಲಿನ ಹವಾಮಾನದ ಆ್ಯಪ್‌ನಲ್ಲಿ ಅದು ಬೆಳಿಗ್ಗೆಯಿಂದಲೇ ಇತ್ತು ಎಂದು ನಾನು ಇಂದಿಗೂ ಅವನಿಗೆ ಹೇಳಿಲ್ಲ.

ತಮಾಷೆಯೆಂದರೆ, ಕಾಲೇಜಿನ ದಿನಗಳಲ್ಲಿ ಇದೇ ಮನುಷ್ಯ ರಾಹುಕಾಲ ಮೂಢನಂಬಿಕೆ ಎಂದು ಅಪ್ಪನ ಜೊತೆ ಜಗಳವಾಡಿ, ಬೇಕೆಂದೇ ರಾಹುಕಾಲದಲ್ಲಿ ಮನೆಯಿಂದ ಹೊರಟವನು. ಹೊರಟವನು ಎಲ್ಲಿಗೆ ಹೋಗಿ ಮುಟ್ಟಿದ? ಇನ್ನೊಂದು ಪಂಚಾಂಗಕ್ಕೆ! ಗ್ವಾಟೆಮಾಲಾದ ಹಿರಿಯರಿಂದ ಅವನು ಕಲಿತ ಲೆಕ್ಕದಲ್ಲಿ ವರ್ಷಕ್ಕೆ ಇನ್ನೂರ ಅರವತ್ತು ದಿನ. ಪ್ರತಿ ದಿನವೂ ಒಬ್ಬ ಒಡೆಯ, ಅವನಿಗೊಂದು ಸ್ವಭಾವ. ಗಾಳಿಯ ದಿನ, ಜಿಂಕೆಯ ದಿನ, ನಾಯಿಯ ದಿನ, ಸಾವಿನ ದಿನ. ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟು ಕೂಡ ಅದನ್ನು ನೋಡಿಯೇ. ಡಚ್ಚರು ಹುಟ್ಟುಹಬ್ಬದ ಕ್ಯಾಲೆಂಡರನ್ನು ಶೌಚಾಲಯದಲ್ಲಿ ನೇತುಹಾಕುವುದು ವಾಡಿಕೆ. ಊರಿಗೆ ಹೊಂದಿಕೊಂಡು ಹೋಗಬೇಕೆಂದು ಅಣ್ಣನೂ ತನ್ನ ಪಂಚಾಂಗವನ್ನು ಅಲ್ಲಿಯೇ ನೇತುಹಾಕಿದ. ಮೈಸೂರಿನಿಂದ ಬಂದಿದ್ದ ಅಮ್ಮ ಒಳಗೆ ಹೋದಷ್ಟೇ ವೇಗದಲ್ಲಿ ಹೊರಗೆ ಬಂದರು.

"ಅಲ್ಲ ಕಣೋ, ಯಾರ ದೇವ್ರಾದ್ರೂ ದೇವ್ರೇ ತಾನೆ. ಅಲ್ಲಿ ನಿಲ್ಲಿಸ್ತಾರೇನೋ?"

ಪಂಚಾಂಗ ಅಡುಗೆಮನೆಗೆ ಬಂತು.

ನಾವು ಗಂಡ ಹೆಂಡತಿ ಇರುವುದು ಹೂಫ್‌ಡಾರ್ಪ್‌ನಲ್ಲಿ. ಹಿತ್ತಿಲಲ್ಲಿ ಟುಲಿಪ್ ಗೆಡ್ಡೆ ನೆಡೋಣವೆಂದರೆ ಅಣ್ಣ ಸಲಿಕೆ ಹಿಡಿದುಕೊಂಡ. ನೆಲ ಅಗೆಯುವ ಮೊದಲು ನೆಲದ ಒಡೆಯನ ಅನುಮತಿ ಕೇಳಬೇಕಂತೆ. ಆದರೆ ನಮ್ಮೂರು ಒಂದಾನೊಂದು ಕಾಲದಲ್ಲಿ ಸರೋವರದ ತಳ. ನೀರೆಲ್ಲ ಹೊರಹಾಕಿ ಮನುಷ್ಯರೇ ಮಾಡಿಕೊಂಡ ನೆಲ. ಹಾಗಾದರೆ ಅನುಮತಿ ಕೊಡಬೇಕಾದವನು ನೆಲದ ಒಡೆಯನೋ ನೀರಿನ ಒಡೆಯನೋ ಎಂದು ಅಣ್ಣ ಸಲಿಕೆಗೆ ಗಲ್ಲವೂರಿ ಯೋಚನೆಗೆ ಬಿದ್ದ. ನನ್ನ ಗಂಡ ಒಳಗಿನಿಂದಲೇ ಹೇಳಿದರು.

"ಭಾವ, ಈ ದೇಶದಲ್ಲಿ ಎರಡಕ್ಕೂ ಒಬ್ಬನೇ ಒಡೆಯ. ಖೆಮೇಂತೆ. ಆನ್‌ಲೈನ್ ಫಾರ್ಮ್ ಇದೆ."

ಖೆಮೇಂತೆ ಎಂದರೆ ಇಲ್ಲಿಯ ನಗರಸಭೆ. ಅಣ್ಣ ನಗಲಿಲ್ಲ. ನಿಜಕ್ಕೂ ಹೋಗಿ ಫಾರ್ಮು ನೋಡಿದ.

ಇಂಥ ಅಣ್ಣ, ನನಗೆ ಮಗಳು ಹುಟ್ಟಿದಾಗ ಬೇರೆಯೇ ಮನುಷ್ಯನಾದ. ಪ್ರತಿ ಶನಿವಾರ ಟ್ರಾಮು, ರೈಲು, ಬಸ್ಸು ಹಿಡಿದು ಬಂದು ತೊಟ್ಟಿಲಿನಿಂದ ಎರಡು ಮಾರು ದೂರದಲ್ಲಿ ಕೈಕಟ್ಟಿ ಕೂರುವನು. ಮಗುವಿಗೆ ಕಥೆ ಹೇಳುವನು, ದೇವರು ಮನುಷ್ಯರನ್ನು ಜೋಳದ ಹಿಟ್ಟಿನಿಂದ ಮಾಡಿದ್ದನ್ನು ವಿವರಿಸುವನು. ಎತ್ತಿಕೊಳ್ಳುವುದು ಮಾತ್ರ ಇಲ್ಲ. ಮೊದಲ ವಾರ ಬಾಣಂತನಕ್ಕೆ ಬರುತ್ತಿದ್ದ ಡಚ್ ನರ್ಸ್ ಮಗುವನ್ನು ಅವನ ಮುಂದೆ ಚಾಚಿದಾಗ, ಕೈ ತೊಳೆದು ಬರುತ್ತೇನೆಂದು ಹೋದ. ಹತ್ತು ನಿಮಿಷದ ನಂತರ ಅವನಿಂದ ಮೆಸೇಜು ಬಂತು. ಬಸ್ಸಿನಲ್ಲಿದ್ದ!

ಆಮೇಲೆ ಪ್ರತಿ ವಾರ ಪಂಚಾಂಗದ ನೆಪ. ಇವತ್ತು ನಾಯಿಯ ದಿನ, ಬೇಡ. ಇವತ್ತು ಗಾಳಿಯ ದಿನ, ಮಗುವನ್ನು ಎತ್ತಬಾರದು. ಹಾಗೆ ನೋಡಿದರೆ ಈ ದೇಶದಲ್ಲಿ ಗಾಳಿಯ ದಿನವಲ್ಲದ ದಿನ ಯಾವುದಿದೆ ಎಂದು ನನ್ನ ಗಂಡ ಕೇಳಿದರು. ನನಗೆ ನಗು ಬರಲಿಲ್ಲ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯುತ್ತಿತ್ತು. ಇಷ್ಟು ದೂರದ ಊರಿನಲ್ಲಿ ನನ್ನ ಮಗಳಿಗೆ ಇರುವುದು ಒಬ್ಬನೇ ಸೋದರಮಾವ, ಅವನೂ ಅವಳನ್ನು ಮುಟ್ಟುವುದಿಲ್ಲವೆಂದರೆ?

ಅಮ್ಮನಿಗೆ ಫೋನು ಮಾಡಿ ದೂರಿದೆ. ಅಮ್ಮ ಹೇಳಿದರು.

"ನಿನ್ನ ಹುಬ್ಬು ಮುಟ್ಟಿ ನೋಡ್ಕೊ."

ನನ್ನ ಎಡಹುಬ್ಬಿನ ಮೇಲೊಂದು ಹೊಲಿಗೆಯ ಗುರುತಿದೆ. ನನಗೆ ವರ್ಷ ತುಂಬಿರಲಿಲ್ಲ, ಅಣ್ಣನಿಗೆ ಒಂಬತ್ತು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲಿಳಿಯುವಾಗ ಎಡವಿ ಬಿದ್ದನಂತೆ. ನನಗೆ ಆ ಗುರುತು ಕನ್ನಡಿಯಲ್ಲಿ ಕೂಡ ಕಾಣದಷ್ಟು ಹಳೆಯದು. ಅವನು ಅಂದಿನಿಂದ ಯಾವ ಮಗುವನ್ನೂ ಎತ್ತಿಕೊಂಡಿಲ್ಲವಂತೆ.

ಹೊಟ್ಟೆಯುರಿ ತಣ್ಣಗಾಯಿತು. ಆದರೆ ಬಿಡಲು ಮನಸ್ಸಾಗಲಿಲ್ಲ. ಅಣ್ಣನನ್ನು ಹಿಡಿಯಬೇಕಾದರೆ ಅವನ ದೇವರುಗಳ ಸಹಾಯವೇ ಬೇಕು. ಅವನು ಬರೆದ ಪ್ರಬಂಧವನ್ನು, ಬಹುಶಃ ಅವನ ಪ್ರೊಫೆಸರ ನಂತರ ನಾನೊಬ್ಬಳೇ, ಪೂರ್ತಿ ಓದಿದೆ. ಸಿಕ್ಕಿತು! ಆ ಮೆಕ್ಸಿಕೋದ ಹಳ್ಳಿಯಲ್ಲಿ ಮಗುವನ್ನು ಮೊದಲ ಸಲ ಸೊಂಟದ ಮೇಲೆ ಕೂರಿಸುವುದೇ ಒಂದು ಶಾಸ್ತ್ರ. ಹೆಸರು ಹೆಟ್ಸ್ ಮೆಕ್. ಒಲೆಗೆ ಮೂರು ಗುಂಡು, ಆದ್ದರಿಂದ ಹೆಣ್ಣುಮಗುವಿಗೆ ಮೂರನೇ ತಿಂಗಳು. ಹೊಲಕ್ಕೆ ನಾಲ್ಕು ಮೂಲೆ, ಗಂಡುಮಗುವಿಗೆ ನಾಲ್ಕನೆಯದು. ಹೆತ್ತವರು ಕೇಳಿಕೊಂಡವರು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮೇಜಿನ ಸುತ್ತ ಒಂಬತ್ತು ಸುತ್ತು ಬರಬೇಕು. ಪ್ರತಿ ಸುತ್ತಿಗೂ ಮುಂದೆ ಬದುಕಿಗೆ ಬೇಕಾಗುವ ಒಂದು ವಸ್ತುವನ್ನು ಮಗುವಿನ ಕೈಗೆ ಮುಟ್ಟಿಸಿ, ಅದು ಯಾತಕ್ಕೆಂದು ಹೇಳಬೇಕು.

ಮಗಳಿಗೆ ಮೂರು ತಿಂಗಳು ತುಂಬಿದ ಶನಿವಾರ ಅಣ್ಣ ಬಂದಾಗ ಮೇಜು ಸಿದ್ಧವಾಗಿತ್ತು. ಪುಸ್ತಕ, ಪೆನ್ಸಿಲ್, ಸೂಜಿದಾರ, ಸೌಟು, ನನ್ನ ಗಂಡ ಇಟ್ಟ ಕಂಪ್ಯೂಟರ್ ಮೌಸು, ಒಂದು ಸೈಕಲ್ ಬೆಲ್ಲು, ಬೀಗದ ಕೈ, ಒಂದು ಛತ್ರಿ. ಸುತ್ತಿಗೊಂದು ತೆಗೆದು ಎಣಿಸಲು ಬಟ್ಟಲಿನಲ್ಲಿ ಒಂಬತ್ತು ಕುಂಬಳಕಾಯಿ ಬೀಜ. ಅಣ್ಣನ ಮುಖ ಬಿಳಿಚಿಕೊಂಡಿತು. ಹೆಣ್ಣುಮಗುವನ್ನು ಹೆಂಗಸರೇ ಎತ್ತಬೇಕು ಎಂದ. ಗಂಡಸರೂ ಎತ್ತುತ್ತಾರೆಂದು ಅವನೇ ಬರೆದ ಪುಟ ತೋರಿಸಿದೆ. ದಿನ ನೋಡಬೇಕು ಎಂದ. ನೋಡಿದ್ದೇನೆ, ಜಿಂಕೆಯ ದಿನ, ಗಟ್ಟಿಯಾಗಿ ನಾಲ್ಕು ಕಾಲ ಮೇಲೆ ನಿಲ್ಲುವ ದಿನ ಎಂದೆ.

"ಕೇಳ್ಕೊಂಡ್ರೆ ಇಲ್ಲ ಅನ್ನೋ ಹಾಗಿಲ್ಲ ಅಂತ ನೀನೇ ಬರ್ದಿದೀಯ," ಎಂದೆ. "ನಾನು ಕೇಳ್ಕೋತಾ ಇದೀನಿ ಅಣ್ಣ."

ಅವನು ಬಹಳ ಹೊತ್ತು ಕೈ ತೊಳೆದ. ಈ ಸಲ ವಾಪಸು ಬಂದ.

ಮಗಳನ್ನು ಅವನ ಸೊಂಟದ ಮೇಲೆ ಕೂರಿಸಿದೆ. ಒಂದು ಕೈ ಬೆನ್ನಿಗೆ, ಒಂದು ಕೈ ಕತ್ತಿಗೆ, ಉಸಿರು ಬಿಗಿಹಿಡಿದು ಮೊದಲ ಸುತ್ತು ಬಂದ. ನಾನು ವಸ್ತುಗಳನ್ನು ಒಂದೊಂದಾಗಿ ಮುಟ್ಟಿಸುತ್ತಾ ಹೋದೆ, ಅವನು ಹೇಳುತ್ತಾ ಹೋದ. ಇದು ಪುಸ್ತಕ, ಓದೋದಕ್ಕೆ. ಇದು ಸೌಟು, ಸಾರು ಬಡಿಸೋದಕ್ಕೆ. ಇದು ಬೆಲ್ಲು, ದಾರಿ ಬಿಡಿ ಅನ್ನೋದಕ್ಕೆ. ನಾಲ್ಕನೆಯ ಸುತ್ತಿಗೆ ಅವನ ಭುಜ ಇಳಿಯಿತು. ಏಳನೆಯದಕ್ಕೆ ಮಗಳು ಅವನ ಅಂಗಿಯ ಗುಂಡಿ ಚೀಪುತ್ತಿದ್ದಳು.

ಒಂಬತ್ತನೆಯ ಸುತ್ತಿಗೆ ಮೇಜಿನ ಮೇಲೆ ವಸ್ತುಗಳು ಉಳಿದಿರಲಿಲ್ಲ. ಅಣ್ಣ ನನ್ನ ಮುಂದೆ ಬಂದು ನಿಂತ. ಮಗಳ ಪುಟ್ಟ ಕೈ ಹಿಡಿದು ನನ್ನ ಎಡಹುಬ್ಬಿಗೆ ಮುಟ್ಟಿಸಿದ.

"ಇದು ನಿಮ್ಮಮ್ಮ," ಎಂದ. "ಎತ್ಕೊಂಡ ಮೇಲೆ ಬಿಡಬಾರ್ದು ಅಂತ ನಂಗೆ ಕಲ್ಸಿದ್ದು ಇವಳೇ."

ಅಷ್ಟು ಹೇಳಿ ಮಗುವನ್ನು ಇಳಿಸಲಿಲ್ಲ. ಮತ್ತೆ ಮೇಜಿನ ಸುತ್ತ ಹೊರಟ, ಹತ್ತು, ಹನ್ನೊಂದು. ಇನ್ನೂರ ಅರವತ್ತು ದಿನದ ಲೆಕ್ಕದಲ್ಲಿ ಒಂದೂ ತಪ್ಪದವನಿಗೆ ಬೀಜ ಮುಗಿದದ್ದು ಗೊತ್ತೇ ಆಗಲಿಲ್ಲ. ನನಗೆ ಕಣ್ಣು ಮಂಜಾಗಿತ್ತು. ಅಡುಗೆಮನೆಗೆ ಹೋಗಿ ಇನ್ನೊಂದು ಹಿಡಿ ಕುಂಬಳಬೀಜ ತಂದು, ಅವನಿಗೆ ಕಾಣದ ಹಾಗೆ ಬಟ್ಟಲಿಗೆ ಸುರಿದೆ.